ಪೇಪರಿನವರು ಆಡಿಸಿದ ಹಾಕಿ

ಈಗ ನಿಮಗೆ ಕಾಣುತ್ತಿರುವುದು ಒಂದು ಪಾರ್ಕಿಂಗ್ ಕಟ್ಟಡ. ಹೌದು, ಅಷ್ಟೇ. ಕೆನಡಾದ ಮಾಂಟ್ರಿಯಲ್‌ನ ಡ್ರಮಂಡ್ ಬೀದಿ. ಚಳಿಗೆ ಕ್ಯಾಮೆರಾದ ಎರಡು ಬ್ಯಾಟರಿ ಆಗಲೇ ಕೈಕೊಟ್ಟಿವೆ. ಹಾಗಾಗಿ ಬೇಗ ಬೇಗ ಹೇಳಿಬಿಡುತ್ತೇನೆ.

ಇಲ್ಲಿ ಮೊದಲು ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್ ಇತ್ತು, ಅಂದರೆ ಐಸ್ ಮೇಲೆ ಜಾರಿ ಆಡುವ ಒಳಾಂಗಣ. 1875ರ ಮಾರ್ಚ್ 3ರ ಸಂಜೆ ಇದರೊಳಗೆ ಐಸ್ ಹಾಕಿ ಪಂದ್ಯ ನಡೆಯಿತು. ಒಂದೊಂದು ಕಡೆ ಒಂಬತ್ತು ಜನ. ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹುಡುಗರು ಅದಕ್ಕೂ ಎಷ್ಟೋ ಮೊದಲಿನಿಂದ ಕೋಲು ಹಿಡಿದು ಆಡುತ್ತಿದ್ದರು. ಆದರೆ ಈ ಪಂದ್ಯದ ಸುದ್ದಿ ಮುಂಚೆಯೇ ಪೇಪರಿನಲ್ಲಿ ಬಂತು. ವ್ಯತ್ಯಾಸ ಇರುವುದೇ ಅಲ್ಲಿ.

'ಮಾಂಟ್ರಿಯಲ್ ಗೆಜೆಟ್' ಪೇಪರು ಏನು ಬರೆಯಿತು ಗೊತ್ತಾ? ಚೆಂಡು ಹಾರಿಬಂದು ಬಡಿಯುತ್ತದೆ ಅಂತ ಹೆದರಬೇಡಿ, ಆಡುವುದು ಮರದ ಚಪ್ಪಟೆ ಬಿಲ್ಲೆಯಲ್ಲಿ, ಅದು ಐಸ್ ಬಿಟ್ಟು ಮೇಲೇಳುವುದಿಲ್ಲ ಅಂತ. ಕೇರಂ ಕಾಯಿಯ ದೊಡ್ಡಣ್ಣ ಅಂದುಕೊಳ್ಳಿ. ಮರ್ಯಾದಸ್ಥರು ಹೆದರದೆ ಬಂದು ನೋಡಬಹುದಾದ ಆಟ ಅನ್ನುವ ಭರವಸೆ ಅದು.

ಮಾರನೇ ದಿನ ಅದೇ ಪೇಪರು ಓದುಗರಿಗೆ ಆಟ ಅರ್ಥ ಮಾಡಿಸಿತು. ಗೋಲು ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡು ಎಸೆದು ಆಡುವ ಆಟ) ಥರ, ಆಟ ಸ್ಕಾಟ್ಲೆಂಡಿನ ಶಿಂಟಿ (ಕೋಲು-ಚೆಂಡಿನ ಹಳೇ ಆಟ) ಥರ. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಇದು ಜೋರು, ಇಲ್ಲಿ ಅಷ್ಟು ಗೊತ್ತಿಲ್ಲ ಅಂತಲೂ ಬರೆಯಿತು. ಇವತ್ತು ಕೆನಡಾದವರ ಮುಂದೆ ಈ ಮಾತು ಆಡಿ ನೋಡಿ! ಜೇಮ್ಸ್ ಕ್ರೈಟನ್ ನಾಯಕನಾಗಿದ್ದ ತಂಡ 2-1ರಿಂದ ಗೆದ್ದಿತು, ಜನ ಖುಷಿಯಿಂದ ಮನೆಗೆ ಹೋದರು, ಸುದ್ದಿ ಮುಗಿಯಿತು.

ನಿಜವಾಗಿ ಮುಗಿದಿರಲಿಲ್ಲ. ಮಾಂಟ್ರಿಯಲ್ಲಿನದೇ ಇನ್ನೊಂದು ಪೇಪರು 'ಡೈಲಿ ವಿಟ್ನೆಸ್' ಓದಿದರೆ ಕಥೆಯೇ ಬೇರೆ. ಆಟದ ನಡುವೆ ಕೆಲವು ಹುಡುಗರು ಸ್ಕೇಟ್ ಮಾಡುತ್ತಿದ್ದರು. ಯಾರೋ ಒಬ್ಬ ಪುಟ್ಟ ಹುಡುಗನ ತಲೆಗೆ ಹೊಡೆದ. ಆಮೇಲೆ ಹೊಡೆದಾಟ, ಒಂದು ಬೆಂಚು ಮುರಿಯಿತು. ಸುದ್ದಿ ಕೆನಡಾದ್ದೇ ಇನ್ನೊಂದು ಊರಾದ ಕಿಂಗ್‌ಸ್ಟನ್ನಿನ 'ಬ್ರಿಟಿಷ್ ವಿಗ್' ಪೇಪರು ಮುಟ್ಟುವಷ್ಟರಲ್ಲಿ ಒಂದು ಬೆಂಚು ಬೆಂಚುಗಳಾದವು. ಕಾಲು, ತಲೆ ಎಲ್ಲಾ ಜಜ್ಜಿಹೋದವು. ಹೆಂಗಸರು ದಿಕ್ಕಾಪಾಲಾಗಿ ಓಡಿದರು. ಸ್ವಲ್ಪ ಮಸಾಲೆ ಬಿದ್ದಿದೆ ಅಂತ ನನಗೆ ಗುಮಾನಿ. ಆದರೂ ಐಸ್ ಹಾಕಿ ಅಂದ ಕೂಡಲೇ ಇವತ್ತಿಗೂ ಜನರಿಗೆ ಜಗಳ ನೆನಪಾಗುತ್ತದೆ, ಅಲ್ವಾ? ಜಂಟಲ್‌ಮನ್ ಆಟ, ಗುದ್ದಾಟದ ಆಟ, ಎರಡು ಮುಖವನ್ನೂ ಪೇಪರುಗಳು ಆ ಒಂದೇ ಸಂಜೆಯಿಂದ ಹೆಕ್ಕಿಕೊಂಡವು.

ಇನ್ನೊಂದು ವಿಷಯ. 1877ರ ಫೆಬ್ರವರಿಯಲ್ಲಿ ಗೆಜೆಟ್ ಈ ಆಟದ ನಿಯಮಗಳನ್ನೂ ಅಚ್ಚು ಹಾಕಿತು. ಹೆಚ್ಚುಕಡಿಮೆ ಇಂಗ್ಲೆಂಡಿನ ಫೀಲ್ಡ್ ಹಾಕಿ ನಿಯಮಗಳೇ. 'ಗ್ರೌಂಡ್' ಅಂತ ಇದ್ದ ಕಡೆ 'ಐಸ್' ಬಂತು.

ಕೊಡಗಿನಲ್ಲಿರುವ ನಮ್ಮ ಮಾವನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಊರಿನ ಹಾಕಿ ಹಬ್ಬದಲ್ಲಿ ವರ್ಷಗಟ್ಟಲೆ ಆಡಿದ ಮನುಷ್ಯ. "ಹಾಗಾದ್ರೆ ಅದು ನಮ್ಮದೇ ಆಟ ಬಿಡು," ಅಂದರು. "ಸುಮ್ನೆ ಜಾರ್ತಾರೆ ಅಷ್ಟೇ."