ರೀಲಿನಲ್ಲಿ ತಪ್ಪು ಉತ್ತರಕ್ಕೆ ಜಾಗ ಇಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಭಾಗದಲ್ಲಿ ಕಲಿಸುವವರು ಹೆಸರು ಮಾಡೋದು ಹೊಸದೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಹೆಸರು ದೂರದೂರಿಗೆ ಹೋಗಿದ್ದು ಹೇಗೆ? ಪುಟ್ಟರಾಜ ಗವಾಯಿಗಳು ಹಾಡಿದರು, ಬಸವರಾಜ ರಾಜಗುರು ಹಾಡಿದರು, ಕೇಳಿದ ಜನ "ಇವರ ಗುರುಗಳು ಯಾರು" ಅಂತ ಕೇಳಿದರು. ಶಿಷ್ಯರು ಮುಂದೆ, ಗುರುವಿನ ಹೆಸರು ಅವರ ಬೆನ್ನಿಗೆ. ಈಗ ಅದು ಉಲ್ಟಾ. ಮಾಸ್ತರು ತರಗತಿಯ ವಿಡಿಯೋ ಫೋನಿನಲ್ಲಿ ಹಾಕಿ ಮೊದಲು ಫೇಮಸ್ ಆಗುತ್ತಾರೆ, ಶಿಷ್ಯರು ಹಿಂದೆ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಆ ಚಪ್ಪಾಳೆ ತಟ್ಟುವ ಮಕ್ಕಳ ಕಲಿಕೆ ಏನಾಗುತ್ತಿದೆ ಅನ್ನೋದೇ ಇವತ್ತಿನ ಮಾತು.

2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು, ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಆಗ ಕೊರೊನಾ ಕಾಲ, ಶಾಲೆಗೆ ಬೀಗ. ನಮ್ಮ ಎಷ್ಟೋ ಮಾಸ್ತರುಗಳು ಮೊದಲ ಸಲ ಫೋನಿನ ಮುಂದೆ ನಿಂತು ಪಾಠ ಮಾಡಿದ್ದು ಆ ವರ್ಷವೇ, ಅದೂ ಬೇರೆ ದಾರಿ ಇಲ್ಲದೆ. ಶಾಲೆ ತೆರೆದ ಮೇಲೆ ಕೆಲವರು ಫೋನ್ ಜೇಬಿಗೆ ಹಾಕಿಕೊಂಡರು. ಕೆಲವರು ಹಾಕಿಕೊಳ್ಳಲಿಲ್ಲ.

ನಾನು ಸಿಆರ್‌ಪಿ, ಅಂದರೆ ಒಂದಷ್ಟು ಶಾಲೆಗಳ ಗುಂಪಿಗೆ ಸಂಪನ್ಮೂಲ ವ್ಯಕ್ತಿ ಆಗಿ ಕೆಲಸ ಮಾಡಿದವಳು. ಕ್ಲಸ್ಟರಿನ ಶಾಲೆಗಳಿಗೆ ಹೋಗಿ ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ಕೂತು ಪಾಠ ನೋಡುವುದು ನನ್ನ ಕೆಲಸದ ದೊಡ್ಡ ಭಾಗ. ಹಾಗಾಗಿ ಕ್ಯಾಮೆರಾ ನೋಡುವ ತರಗತಿ ಬೇರೆ, ನನಗೆ ಹಿಂದಿನಿಂದ ಕಾಣುವ ತರಗತಿ ಬೇರೆ. ಫೇಮಸ್ ಆದ ಮಾಸ್ತರರಿಂದ ಶಾಲೆಗೆ ಒಳ್ಳೆಯದಾಗಿದ್ದನ್ನೂ ನೋಡಿದ್ದೇನೆ. ಗೋಡೆಗೆ ಬಣ್ಣ ಬಂತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಳೇ ವಿದ್ಯಾರ್ಥಿ ವಿಡಿಯೋ ನೋಡಿ ಟಿವಿ ಕೊಡಿಸಿದ. ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಹತ್ತುತ್ತಿದ್ದ ಮಕ್ಕಳು ಊರ ಶಾಲೆಗೆ ವಾಪಸ್ ಬಂದರು. ಇದು ಸಣ್ಣ ಮಾತಲ್ಲ. ಸರಕಾರಿ ಶಾಲೆ ಅಂದರೆ ಮೂಗು ಮುರಿಯುವ ಕಾಲದಲ್ಲಿ ಒಬ್ಬ ಮಾಸ್ತರ ವಿಡಿಯೋ ಊರಿನವರಿಗೆ ಶಾಲೆ ಬಗ್ಗೆ ಹೆಮ್ಮೆ ಹುಟ್ಟಿಸಿದರೆ ನಾನ್ಯಾಕೆ ಬೇಡ ಅನ್ನಲಿ?

ಆದರೆ ಒಂದು ಪಾಠದ ಬಗ್ಗೆ ಹೇಳಬೇಕು. ಗದಗ ತಾಲೂಕಿನ ಒಂದು ಶಾಲೆ, ಐದನೇ ತರಗತಿ, ಭಿನ್ನರಾಶಿ. ಮಾಸ್ತರು ಮನೆಯಿಂದ ಜೋಳದ ರೊಟ್ಟಿ ತಂದಿದ್ದರು. ಮೆತ್ತನೆಯದು. (ಖಡಕ್ ರೊಟ್ಟಿ ತಂದರೆ ಅದು ತನಗೆ ಬೇಕಾದಲ್ಲಿ ಮುರಿಯುತ್ತದೆ, ಭಿನ್ನರಾಶಿ ಕೇಳೋದಿಲ್ಲ.) ಬೋರ್ಡಿನ ಪಕ್ಕ ಸ್ಟ್ಯಾಂಡಿನ ಮೇಲೆ ಫೋನ್. ಒಂದು ರೊಟ್ಟಿಯನ್ನು ಮೂರು ಸಮ ಭಾಗ ಮಾಡಿದರು, ಇನ್ನೊಂದನ್ನು ನಾಲ್ಕು. ಚೂರುಗಳನ್ನು ಕೈಯಲ್ಲಿ ಮುಚ್ಚಿ ಹಿಡಿದು ಕೇಳಿದರು: ಮೂರರಲ್ಲಿ ಒಂದು ಭಾಗ ದೊಡ್ಡದೋ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ? ಎರಡನೇ ಸಾಲಿನ ಹುಡುಗಿ ಎದ್ದು ಗಟ್ಟಿಯಾಗಿ "ನಾಕರಾಗಿಂದು ದೊಡ್ಡದ್ರೀ ಸರ" ಅಂದಳು. ಮಾಸ್ತರು ಒಂದು ಕ್ಷಣ ಫೋನ್ ಕಡೆ ನೋಡಿದರು. "ಇರಲಿ, ಇನ್ನೊಮ್ಮೆ ತಗೊಳ್ಳೋಣ" ಅಂದರು. ಈ ಸಲ ಮೊದಲ ಸಾಲಿನ ಹುಡುಗನಿಗೆ ಕೇಳಿದರು. ಅವನು ಸರಿಯಾಗಿ ಹೇಳಿದ. ಶಭಾಶ್, ಚಪ್ಪಾಳೆ. ಆ ಹುಡುಗಿ ಕೂತಳು.

ರಾತ್ರಿ ವಿಡಿಯೋ ಬಂತು. ಚೆನ್ನಾಗಿಯೇ ಇತ್ತು. "ಇಂಥ ಮಾಸ್ತರು ನಮಗೆ ಸಿಕ್ಕಿದ್ದರೆ ನಾವೂ ಗಣಿತ ಕಲೀತಿದ್ವಿ" ಅಂತ ಜನ ಬರೆದಿದ್ದರು. ಹುಡುಗಿ ಅದರಲ್ಲಿ ಇರಲಿಲ್ಲ.

ಅವಳು ಹಾಗೆ ಯಾಕೆ ಹೇಳಿದಳು ನೋಡಿ. ಒಂದನೇ ತರಗತಿಯಿಂದ ಅವಳು ಕಲಿತದ್ದೇನು? ಮೂರಕ್ಕಿಂತ ನಾಲ್ಕು ದೊಡ್ಡದು. ಇಷ್ಟು ವರ್ಷ ಆ ಲೆಕ್ಕ ಒಮ್ಮೆಯೂ ಕೈಕೊಟ್ಟಿಲ್ಲ. ಇವತ್ತು ಅದೇ ನಾಲ್ಕು ಗೆರೆಯ ಕೆಳಗೆ ಹೋಗಿ ಕೂತಿದೆ, ಅಲ್ಲಿ ಕೂತಾಗ ಅದು ದೊಡ್ಡದಾದಷ್ಟೂ ಪಾಲು ಸಣ್ಣದಾಗುತ್ತದೆ ಅಂತ ಅವಳಿಗೆ ಇನ್ನೂ ಹೊಳೆದಿಲ್ಲ. ಅವಳದು ದಡ್ಡತನ ಅಲ್ಲ, ಸರಿಯಾದ ನಿಯಮವನ್ನು ಹೊಸ ಜಾಗದಲ್ಲಿ ಬಳಸಿದ್ದಾಳೆ ಅಷ್ಟೇ. ಭಿನ್ನರಾಶಿ ಕಲಿಸುವ ಯಾರನ್ನೇ ಕೇಳಿ, ಈ ತಪ್ಪು ಅರ್ಧ ತರಗತಿಯ ತಲೆಯಲ್ಲಿರುತ್ತದೆ, ಬಾಯಿಬಿಟ್ಟು ಹೇಳೋದು ಒಬ್ಬರೋ ಇಬ್ಬರೋ. "ಹೌದಾ? ಯಾಕವ್ವ? ಒಂದು ರೊಟ್ಟಿಗೆ ಮೂರು ಮಂದಿ ಕೂತರೆ ನಿನಗೆ ಜಾಸ್ತಿ ಸಿಗುತ್ತೋ, ನಾಲ್ಕು ಮಂದಿ ಕೂತರೆ ಜಾಸ್ತಿ ಸಿಗುತ್ತೋ?" ಅಂತ ಕೇಳಿದ್ದರೆ ಪಾಠ ನಿಜವಾಗಿ ಅಲ್ಲಿಂದ ಶುರುವಾಗುತ್ತಿತ್ತು. ಐದು ನಿಮಿಷ ಹಿಡಿಯುತ್ತಿತ್ತು. ನಡುವೆ ಆಕೆ ಸುಮ್ಮನೆ ನಿಂತು ಯೋಚಿಸುತ್ತಿದ್ದಳು, ಉಗುರು ಕಚ್ಚುತ್ತಿದ್ದಳು. ಅದನ್ನು ಯಾರು ನೋಡುತ್ತಾರೆ ಹೇಳಿ, ಬೆರಳು ಆಗಲೇ ಮುಂದಿನ ರೀಲಿಗೆ ಹೋಗಿರುತ್ತದೆ.

ಊಟದ ಹೊತ್ತಿಗೆ ನಾನು ಇದನ್ನು ಕೇಳಿದೆ. ಮಾಸ್ತರು ನೇರವಾಗಿ ಹೇಳಿದರು: "ತಪ್ಪ ಉತ್ತರ ಹಾಕಿದ್ರ ಮಂದಿ ನನಗ ಬೈತಾರ್ರಿ ಮೇಡಮ್. ಈ ಮಾಸ್ತರಗ ಕಲಸಾಕ ಬರೂದಿಲ್ಲ ಅಂತಾರ." ಅವರು ಕೆಟ್ಟ ಮಾಸ್ತರರಲ್ಲ. ಫೋನ್ ಇಲ್ಲದ ದಿನ ಅವರೇ ಮಕ್ಕಳ ಪಕ್ಕ ಕೂತು "ಯಾಕೆ" ಅಂತ ಕೇಳಿದ್ದನ್ನು ನಾನು ಕಂಡಿದ್ದೇನೆ. ಆದರೆ ಸಾವಿರಾರು ಮಂದಿ ನೋಡುತ್ತಾರೆ ಅಂದಾಗ ತರಗತಿಯಲ್ಲಿ ಎಲ್ಲರೂ ಜಾಣರಿರಬೇಕಾಗುತ್ತದೆ. ಹಾಗಾಗಿ ವಿಡಿಯೋದಲ್ಲಿ ಪ್ರತಿ ಸಲ ಅದೇ ನಾಲ್ಕು ಮಕ್ಕಳು. ಸ್ಪಷ್ಟ ಮಾತು, ಒಗೆದ ಯೂನಿಫಾರ್ಮ್, ಪಟಪಟ ಉತ್ತರ. ತಾಂಡಾದಿಂದ ಗೋವಾಕ್ಕೆ ಗುಳೆ ಹೋಗಿ ಎರಡು ತಿಂಗಳ ಮೇಲೆ ಬಂದ ಹುಡುಗ ಯಾವ ರೀಲಿನಲ್ಲೂ ಇರೋದಿಲ್ಲ. ಮಾಸ್ತರು ಜಾಸ್ತಿ ಹೊತ್ತು ಕೂತು ಕಲಿಸಬೇಕಾಗಿರೋದು ಅವನಿಗೇ.

ಇನ್ನು ಕತ್ತರಿಸದೆ ಉಳಿಸುವ ತಪ್ಪು ಉತ್ತರಗಳೂ ಇವೆ. ನಗು ಬರಿಸುವಂಥವು. ಒಂದನೇ ತರಗತಿಯ ಮಗು ಏನೋ ಮುದ್ದಾಗಿ ತಪ್ಪು ಹೇಳುತ್ತದೆ, ಮಾಸ್ತರು ಬೇಕಂತಲೇ ಅದನ್ನೇ ಮತ್ತೆ ಕೇಳುತ್ತಾರೆ, ಅದು ಮತ್ತೆ ತಪ್ಪು ಹೇಳುತ್ತದೆ, ಹಿಂದೆ ಒಂದು ಮ್ಯೂಸಿಕ್. ನಾಲ್ಕು ದಿನದಲ್ಲಿ ಮಗು ಫೇಮಸ್. ಸಂತೆಯಲ್ಲಿ ಯಾರೋ ತಡೆದು "ಏ, ಅದನ್ನ ಇನ್ನೊಮ್ಮೆ ಹೇಳು" ಅಂತಾರೆ. ಅಂಥ ಒಬ್ಬ ಹುಡುಗನನ್ನು ನಾನು ಆಮೇಲೆ ತರಗತಿಯಲ್ಲಿ ನೋಡಿದೆ. ಏನೇ ಕೇಳಿದರೂ ಮೊದಲು ಮಾಸ್ತರ ಮುಖ ನೋಡುತ್ತಿದ್ದ, ಈಗ ಸರಿ ಉತ್ತರ ಹೇಳಬೇಕೋ ನಗಿಸುವ ಉತ್ತರ ಹೇಳಬೇಕೋ ಅನ್ನೋದೇ ಅವನಿಗೆ ಗೊಂದಲ. ಪಕ್ಕದಲ್ಲಿ ಕೂತ ಮಕ್ಕಳು ಇನ್ನೊಂದು ಪಾಠ ಕಲಿತಿದ್ದರು: ಬಾಯಿಬಿಟ್ಟರೆ ಊರೆಲ್ಲ ನಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾನೂನು 18 ವರ್ಷದೊಳಗಿನವರನ್ನೆಲ್ಲ ಮಕ್ಕಳು ಅಂತಲೇ ಲೆಕ್ಕ ಹಿಡಿಯುತ್ತದೆ, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಆ ಹುಡುಗನ ತಾಯಿಗೆ ವಿಡಿಯೋ ವಿಷಯ ಗೊತ್ತಾಗಿದ್ದು ಪಕ್ಕದ ಮನೆಯವರು ತೋರಿಸಿದ ಮೇಲೆ.

ಸಣ್ಣ ಮಕ್ಕಳ ಮಾತು ಇಷ್ಟಾಯಿತು. ಧಾರವಾಡದ ಸಪ್ತಾಪುರಕ್ಕೆ ಬನ್ನಿ, ಅಲ್ಲಿ ಕಥೆ ಬೇರೆ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಸರಕಾರಿ ನೌಕರಿಯ ಪರೀಕ್ಷೆಗಳಿಗೆ ರೂಮು ಹಿಡಿದು, ಮೆಸ್ಸಿನಲ್ಲಿ ಉಂಡು ಓದುವ ಹುಡುಗ ಹುಡುಗಿಯರು. ಇಲ್ಲಿ ಸರ್ ಫೇಮಸ್ ಇದ್ದಷ್ಟೂ ಕ್ಲಾಸ್ ಫುಲ್. ಕೋಚಿಂಗ್ ಫೀಸ್ ಕಟ್ಟಲಾಗದ ಹಾವೇರಿ ಕಡೆಯ ಹಳ್ಳಿ ಹುಡುಗಿ ಹೊಲದ ಕೆಲಸ ಮುಗಿಸಿ ಫೋನಿನಲ್ಲೇ ಸಂವಿಧಾನದ ಪಾಠ ಕೇಳುತ್ತಾಳೆ ಅಂದರೆ ಅದರ ಪುಣ್ಯ ಆ ಸರ್‌ಗೆ ಸಿಗಲೇಬೇಕು. ನನಗಿರುವ ಅನುಮಾನ ಬೇರೆ. ಚೆನ್ನಾಗಿ ಮಾತಾಡುವವರ ಪಾಠ ಕೇಳಿದಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದಲ್ಲ, ಅದು ಕಲಿಕೆಯೋ, ಬರೀ ಅನ್ನಿಸಿಕೆಯೋ?

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಶಾನಾ ಕಾರ್ಪೆಂಟರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಮೂರು ಬಣ್ಣದ ಬೆಕ್ಕುಗಳು ಹೆಚ್ಚಾಗಿ ಹೆಣ್ಣೇ ಯಾಕೆ ಅನ್ನೋದು ವಿಷಯ. ಪಾಠ ಒಂದೇ, ಹೇಳುವವರೂ ಒಬ್ಬರೇ, ವಿಡಿಯೋ ಮಾತ್ರ ಎರಡು. ಒಂದರಲ್ಲಿ ನೆಟ್ಟಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಚೀಟಿ ನೋಡದೆ ನಿರರ್ಗಳ ಮಾತು. ಇನ್ನೊಂದರಲ್ಲಿ ಬಗ್ಗಿಕೊಂಡು, ಚೀಟಿ ನೋಡಿ, ತಡವರಿಸುತ್ತಾ. ಮೊದಲನೆಯದನ್ನು ನೋಡಿದವರು ತಮಗೆ ಜಾಸ್ತಿ ನೆನಪಿರುತ್ತದೆ ಅಂದುಕೊಂಡರು. ಪರೀಕ್ಷೆ ಕೊಟ್ಟಾಗ ಎರಡೂ ಗುಂಪಿಗೆ ನೆನಪಿದ್ದದ್ದು ಹೆಚ್ಚುಕಮ್ಮಿ ಒಂದೇ ಅಷ್ಟು. ಸಪ್ತಾಪುರದ ಓಣಿಗಳಲ್ಲಿ ಇದು ದಿನಾ ಕಾಣುತ್ತದೆ. "ಸರ್ ಕ್ಲಾಸ್ ಸೂಪರ್" ಅನ್ನುವ ಹುಡುಗನಿಗೆ ಅದೇ ವಿಷಯದ ಮೇಲೆ ಹಳೇ ಪ್ರಶ್ನೆಪತ್ರಿಕೆ ಕೊಡಿ, ಐದನೇ ಪ್ರಶ್ನೆಗೇ ಪೆನ್ನು ನಿಲ್ಲುತ್ತದೆ. ಅದು ಅವನಿಗೆ ಬೇಜಾರು ತರುತ್ತದೆ, ಬೇಜಾರಾದಾಗ ಮತ್ತೆ ಸರ್ ವಿಡಿಯೋ ಹಾಕುತ್ತಾನೆ, ಮತ್ತೆ ಎಲ್ಲ ಅರ್ಥವಾದ ಹಾಗಾಗುತ್ತದೆ. ಇಲ್ಲಿಯೂ ಆಗುತ್ತಿರೋದು ಐದನೇ ತರಗತಿಯಲ್ಲಿ ಆದದ್ದೇ. ತಪ್ಪಿಗೆ ಜಾಗ ಇಲ್ಲ. ವಿಡಿಯೋ ಮುಂದೆ ಕೂತವನು ತಪ್ಪು ಮಾಡೋದೇ ಇಲ್ಲ, ಯಾಕೆಂದರೆ ಅವನಿಗೆ ಯಾರೂ ಏನನ್ನೂ ಕೇಳಿಲ್ಲ.

ದುಡ್ಡಿನ ಮಾತೂ ಇದೆ, ಅದನ್ನು ಬಿಟ್ಟು ಮಾತಾಡಿದರೆ ಸುಮ್ನೆ ಸಭ್ಯತೆ ಆಗುತ್ತದೆ. ಯೂಟ್ಯೂಬ್ ಜಾಹೀರಾತಿನ ಪಾಲು ಬರಬೇಕಾದರೆ 1000 ಸಬ್‌ಸ್ಕ್ರೈಬರ್ ಇರಬೇಕು, ಜೊತೆಗೆ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು, ಇಲ್ಲವೇ ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೋಗಳು 90 ದಿನದಲ್ಲಿ 1 ಕೋಟಿ ಸಲ ಓಡಿರಬೇಕು. ಆ ಕಡೆ 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಆಗಬೇಕು ಅನ್ನುತ್ತದೆ. ಮಾಸ್ತರು ಒಬ್ಬರೇ, ಗಂಟೆಯ ಲೆಕ್ಕ ಎರಡು. ಒಂದು ಲೆಕ್ಕ ಫೋನ್ ತೆಗೆದಾಗೆಲ್ಲ ಎದುರಿಗೆ ಬರುತ್ತದೆ, ಏರಿದೆಯೋ ಇಳಿದಿದೆಯೋ ಅಂತ. ಇನ್ನೊಂದನ್ನು ಯಾರೂ ಕೇಳೋದಿಲ್ಲ. ಅದೇ ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದು ಅನ್ನುತ್ತದೆ. ಚಾನೆಲ್ ಟ್ಯೂಷನ್ನೋ ಅಲ್ಲವೋ ಅಂತ ವಕೀಲರು ವಾದ ಮಾಡಲಿ, ನನಗೆ ಮುಖ್ಯ ಮಧ್ಯಾಹ್ನದ ಪಿರಿಯಡ್ ಎಡಿಟಿಂಗ್‌ಗೆ ಹೋಯಿತೋ ಪಾಠಕ್ಕೆ ಹೋಯಿತೋ ಅನ್ನೋದು.

ಹಾಗಂತ ವಿಡಿಯೋನೇ ಬೇಡ ಅಂತ ನನ್ನ ಮಾತಲ್ಲ. ಹಾವೇರಿ ಜಿಲ್ಲೆಯ ಒಬ್ಬ ಅಕ್ಕೋರು ಇದ್ದಾರೆ. ಅವರ ವಿಡಿಯೋದಲ್ಲಿ ಮುಖ ಇಲ್ಲ, ಮಕ್ಕಳೂ ಇಲ್ಲ. ಬರೀ ಅವರ ಕೈ, ಒಂದು ಪಾಟಿ, ಬಳಪ. ಕಳೆಯುವ ಲೆಕ್ಕದಲ್ಲಿ ಪಕ್ಕದ ಮನೆಯಿಂದ ದಶಕ ತರೋದನ್ನು ಮರೆತು, ಆ ದಿನ ತರಗತಿಯಲ್ಲಿ ಮಕ್ಕಳು ಮಾಡಿದ ತಪ್ಪನ್ನೇ ಯಾರ ಹೆಸರೂ ಹೇಳದೆ ಪಾಟಿಯ ಮೇಲೆ ಮಾಡುತ್ತಾರೆ, "ಎಲ್ಲಿ ತಪ್ಪೇತಿ ಹುಡುಕ್ರಿ" ಅಂತ ಬಿಡುತ್ತಾರೆ. ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ ಕಳಿಸುತ್ತಾರೆ. ಮರುದಿನ ಶಾಲೆಗೆ ಬಂದ ಮಕ್ಕಳು ಬಾಗಿಲಲ್ಲೇ ಜಗಳ: ತಪ್ಪು ನಾನು ಹಿಡಿದೆ, ಇಲ್ಲ ನಾನು ಹಿಡಿದೆ. ಕೆಲವು ಮನೆಯಲ್ಲಿ ತಾಯಂದಿರೂ ಕೂತು ಹುಡುಕಿರುತ್ತಾರೆ. ಈ ಅಕ್ಕೋರು ಫೇಮಸ್ ಅಲ್ಲ, ಆಗೋದೂ ಇಲ್ಲ, ಅವರಿಗೆ ಅದರ ಗೊಡವೆಯೂ ಇಲ್ಲ. ಇದೇ ರೇಡಿಯೋದಲ್ಲಿ 'ಚಿಣ್ಣರ ಚುಕ್ಕಿ', 'ಕೇಳಿ ಕಲಿ' ಅಂತ ಪಾಠಗಳು ಬರುತ್ತಿದ್ದವು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದರಲ್ಲಿ ಮಾತಾಡಿದವರ ಮುಖ ನಮಗೆ ಗೊತ್ತೇ ಇರಲಿಲ್ಲ, ಅಲ್ವಾ?

ಪಾಲಕರೇ, ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಮುಂದಿನ ಸಭೆಗೆ ಹೋದಾಗ ಮಾಸ್ತರರ ಮೇಲೆ ಕೂಗಾಡಬೇಡಿ. ಎರಡು ವಿಷಯ ಕೇಳಿ ಸಾಕು. ನಮ್ಮ ಮಕ್ಕಳ ಮುಖ ಹಾಕುವ ಮೊದಲು ನಮ್ಮನ್ನು ಕೇಳುತ್ತೀರಾ? ಪಾಠದ ಹೊತ್ತಿನಲ್ಲಿ ಫೋನ್ ಎಲ್ಲಿರುತ್ತದೆ? ಆಮೇಲೆ ಮನೆಗೆ ಬಂದು ಮಗಳ ಗಣಿತದ ನೋಟ್‌ಬುಕ್ ತೆಗೆಯಿರಿ. ಅದರಲ್ಲಿ ಹೊಡೆದುಹಾಕಿದ ಲೆಕ್ಕ ಇದೆಯಾ, ಕೆಂಪು ಪೆನ್ನಿನ ಗುರುತು ಇದೆಯಾ, ಅದರ ಕೆಳಗೆ ಅವಳೇ ಮತ್ತೆ ಮಾಡಿದ್ದಾಳಾ ನೋಡಿ. ಎಲ್ಲ ಪುಟದಲ್ಲೂ ಬರೀ ಸರಿ ಉತ್ತರವೇ ಇದ್ದು, ಒಂದೇ ಕೈಬರಹ ಬೋರ್ಡಿನಿಂದ ಇಳಿದು ಬಂದ ಹಾಗೆ ಕಂಡರೆ, ಮರುದಿನ ಶಾಲೆಗೆ ಹೋಗಿ ಮಾಸ್ತರ ಜೊತೆ ಕೂತು ಮಾತಾಡಿ.

ನಮಸ್ಕಾರ.