ಸಾವಿರ ಪೀಸಿನ ಪಝಲ್ ತಗೊಳ್ಳೂಕಿಂತ ಮೊದಲ

ನಮಸ್ಕಾರ್ರೀ ಎಲ್ಲಾರಿಗೂ. ಈಗ ನಿಮಗ ಕಾಣಾಕತ್ತಿರೋ ಜಾಗ ಗದಗ-ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್. ಜಿಗ್‌ಸಾ ಪಝಲ್, ಅಂದ್ರ ತುಂಡು ತುಂಡು ಕತ್ತರಿಸಿದ ಚಿತ್ರ ಮತ್ತ ಜೋಡಸೂ ಆಟದ ವಿಡಿಯೋ ಅಂತ ಹೇಳಿ ಪ್ರೆಸ್ಸಿಗೆ ಯಾಕ ಕರ್ಕೊಂಡು ಬಂದ್ಲು ಅಂತ ನೀವು ಕೇಳಬಹುದು. ಕಾರಣ ಐತ್ರಿ. ಪಝಲ್ ಒಳಗ ನಾವು ಯಾವುದಕ್ಕ ರೊಕ್ಕ ಕೊಡ್ತೀವಿ ಅನ್ನೂದು ನನಗ ಸರಿಯಾಗಿ ತಿಳಿದದ್ದು ಈ ಮಷೀನ್ ಮುಂದ ನಿಂತಾಗ.

ಇದಕ್ಕ ಇಲ್ಲಿ ಪಂಚಿಂಗ್ ಮಷೀನ್ ಅಂತಾರ. ಪೇಢೆ ಡಬ್ಬಿ, ಲಗ್ನಪತ್ರಿಕಿ, ಅಂಗಡಿ ಚೀಲ ಎಲ್ಲಾ ಇದರಾಗ ಕಟ್ ಆಗ್ತಾವ. ಪ್ರೆಸ್ಸಿನ ಕಾಕಾ ಕೈಯಾಗ ಹಿಡಿದಾರಲ್ಲ, ಆ ಹಲಗಿ ನೋಡ್ರಿ, ಅದು ಡೈ. ಪ್ಲೈವುಡ್ ಒಳಗ ಸಣ್ಣ ಸಂದಿ ಕೊರೆದು, ಉಕ್ಕಿನ ಪಟ್ಟಿ ಬಗ್ಗಿಸಿ ಅದರಾಗ ಕೂಡಸಿರ್ತಾರ. ಪಟ್ಟಿಯ ಎರಡೂ ಬಾಜೂಕ ಸ್ಪಂಜಿನ ತುಂಡು ಹಚ್ಚಿರ್ತಾರ, ಕತ್ತರಿಸಿದ ಮ್ಯಾಲ ರಟ್ಟನ್ನ ಹೊರಗ ನೂಕಾಕ. ಮೊನಚಾದ ಪಟ್ಟಿ ರಟ್ಟನ್ನ ಕತ್ತರಸ್ತೈತಿ, ಮೊಂಡ ಪಟ್ಟಿ ಮಡಚೂ ಗೆರಿ ಹಾಕ್ತೈತಿ. ಕಾಕಾ ಒಂದು ಮಾತು ಹೇಳಿದ್ರು: ಡೈ ಮೊಂಡಾದ್ರ ಡಬ್ಬಿ ಅಂಚು ಹರಕ ಹರಕ ಆಗ್ತೈತಿ, ರಟ್ಟಿನ ಪುಡಿ ಉದರ್ತೈತಿ, ತುಂಡು ಬಿಡಾಕ ಒಲ್ಲೆ ಅಂತೈತಿ.

ಈ ಮೂರೂ ಲಕ್ಷಣ ಕೇಳಿದ ಕೂಡಲೇ ನನ್ನ ಕಪಾಟಿನಾಗಿನ ಒಂದೆರಡು ಪಝಲ್ ನೆನಪಾದೂರಿ.

ಯಾಕಂದ್ರ ನಾವು ಅಂಗಡ್ಯಾಗ ತಗೊಳ್ಳೂ ರಟ್ಟಿನ ಜಿಗ್‌ಸಾ ಪಝಲ್ ಆಗೂದೂ ಹಿಂಗ. ಚಿತ್ರ ಅಚ್ಚು ಹಾಕಿದ ಕಾಗದ ದಪ್ಪ ರಟ್ಟಿಗೆ ಅಂಟಸ್ತಾರ, ಆಮ್ಯಾಲ ಭಾರಿ ಒತ್ತಡದ ಪ್ರೆಸ್ಸಿನಾಗ ಡೈ ಇಟ್ಟು ಕತ್ತರಸ್ತಾರ. ಪೇಢೆ ಡಬ್ಬಿ ಡೈಯಾಗ ಪಟ್ಟಿ ಕೆಲವೇ ಮೊಳ ಇರಬಹುದು. ಸಾವಿರ ಪೀಸಿನ ಡೈಯಾಗ ಲೆಕ್ಕ ಹಾಕ್ರಿ, ಪ್ರತಿ ತುಂಡಿನ ನಾಕೂ ಕಡೆ ಉಬ್ಬು ತಗ್ಗು. ಅಷ್ಟೂ ಬಳುಕು ಉಕ್ಕಿನ ಪಟ್ಟಿಯಾಗ ಬರಬೇಕು. ಜರ್ಮನಿಯ ರಾವೆನ್ಸ್‌ಬರ್ಗರ್ ಅಂಥ ಕಂಪನಿಯೊಳಗ ಈ ಡೈಗಳನ್ನ ಇವತ್ತಿಗೂ ನುರಿತವರು ಕೈಯಿಂದ ಬಗ್ಗಿಸಿ ಮಾಡ್ತಾರ. ಆ ಕಂಪನಿ 1883ರಾಗ ಶುರು ಆದದ್ದು, ಪಝಲ್ ಮಾಡಾಕ ಹತ್ತಿದ್ದು 1964ರಿಂದ. ಅದರ ಬೆಲಿ ಯಾಕ ಹೆಚ್ಚು ಅಂತ ಕೇಳಿದವರಿಗೆ ಅರ್ಧ ಉತ್ತರ ಆ ಕೈಗೆಲಸದಾಗ ಐತಿ.

ಉಳಿದ ಅರ್ಧ ರಟ್ಟಿನಾಗ ಐತಿ. ಬರ್ರಿ, ಈಗ ಧಾರವಾಡಕ್ಕ, ನಮ್ಮ ಮನಿಗೆ ಹೋಗೂಣು.

ಧಾರವಾಡದ ಮಳಿ ನಿಮಗ ಗೊತ್ತೈತಿ. ಜೂನಿನಾಗ ಹಿಡಿದ್ರ ಆಗಸ್ಟ್ ತನಕ ಜಿಟಿಜಿಟಿ. ಬಟ್ಟಿ ಒಣಗೂದಿಲ್ಲ, ಹಪ್ಪಳ ಮೆತ್ತಗಾಗ್ತಾವ. ಮಳಿಗಾಲದಾಗ ಮನ್ಯಾಗ ಕುಂತು ಜೋಡಸಾಕ ಪಝಲಿಗಿಂತ ಚಲೋ ಕೆಲಸ ಇನ್ನೊಂದಿಲ್ಲ ಅಂತ ನನ್ನ ಭಾವನಾ. ಆದ್ರ ರಟ್ಟಿಗೆ ಅದ ಕೆಟ್ಟ ಕಾಲ. ಕಳಪೆ ರಟ್ಟು ಥಂಡಿ ಹೀರಿ ಉಬ್ಬತೈತಿ, ಪದರ ಬಿಚ್ಚತೈತಿ, ಚಿತ್ರದ ಕಾಗದ ಮೂಲಿಯಿಂದ ಏಳಾಕ ಹತ್ತತೈತಿ. ಕ್ಯಾಮೆರಾ ಹತ್ರ ಹಿಡೀತೀನಿ, ಇವೆರಡೂ ತುಂಡು ನೋಡ್ರಿ. ಎಡಗೈಯಾಗಿಂದು ಸುಮಾರು ಎರಡು ಮಿಲಿಮೀಟರ್ ದಪ್ಪ, ಒತ್ತಿದ್ರ ಗಟ್ಟಿ. ಗಟ್ಟಿ ಬೈಂಡಿಂಗ್ ಪುಸ್ತಕದ ಹೊದಿಕಿ ಒಳಗ ಹಾಕ್ತಾರಲ್ಲ, ಆ ಜಾತಿ ರಟ್ಟು. ಬಲಗೈಯಾಗಿಂದು ಅದರ ಅರ್ಧ ದಪ್ಪಾನೂ ಇಲ್ಲ, ಉಬ್ಬಿನ ಕುತ್ತಿಗಿ ಆಗಲೇ ಬಾಗೇತಿ. ಇದನ್ನ ಒಮ್ಮೆ ಜೋಡಿಸಿ ಬಿಚ್ಚಿದ್ರ ಎರಡನೇ ಸಲ ಕೂಡೂದು ಕಷ್ಟ. ಚಲೋ ರಟ್ಟಿಂದು ಮೊಮ್ಮಕ್ಕಳ ತನಕ ಬರ್ತೈತ್ರಿ, ಸ್ಟೀಲ್ ಕಪಾಟಿನಾಗ ಒಣ ಜಾಗಾದಾಗ ಇಟ್ಟಿದ್ರ ಸಾಕು.

ಇನ್ನ, ಕಟಿಂಗ್ ಪರೀಕ್ಷೆ. ಇಲ್ಲಿ ಹತ್ತು ಹನ್ನೆರಡು ತುಂಡು ಜೋಡಿಸಿಟ್ಟೀನಿ. ಒಂದು ಮೂಲಿ ಹಿಡಿದು ಮ್ಯಾಲ ಎತ್ತತೀನಿ, ನೋಡ್ರಿ. ಒಂದೂ ಬೀಳಲಿಲ್ಲ. ಕಿಟಕಿ ಬೆಳಕಿಗೆ ಹಿಡೀತೀನಿ, ಸಂದಿಯಾಗ ಬೆಳಕು ಕಾಣೂದಿಲ್ಲ. ಇದಕ್ಕ ಕಟಿಂಗ್ ಅಂತಾರ. ಇನ್ನೊಂದು ಪರೀಕ್ಷೆ ಇದಕ್ಕಿಂತ ದೊಡ್ಡದು: ತಪ್ಪು ಜಾಗಾದಾಗ ತುಂಡು ಕೂಡಬಾರದು. ಕೆಟ್ಟ ಡೈಯಿಂದ ಕತ್ತರಿಸಿದ್ರಾಗ ಒಂದು ತುಂಡು ನಾಕು ಜಾಗಾದಾಗ ಸರಿ ಅನಸ್ತೈತಿ. ಆಕಾಶದ ಭಾಗ ಮುಗಿಸಿ ಖುಷಿಯಾಗಿ ಕುಂತಿರ್ತೀರಿ, ಕಡೀಕ ಬಂದಾಗ ಎಲ್ಲೋ ಒಂದು ತಪ್ಪೇತಿ ಅಂತ ತಿಳೀತೈತಿ, ಎಲ್ಲಿ ಅಂತ ತಿಳಿಯೂದಿಲ್ಲ. ಪಝಲ್ ಕಠಿಣ ಇರಲಿ, ನನಗ ಬೇಕಾದ್ದೇ ಅದು. ಆದ್ರ ಆ ಕಠಿಣ ಚಿತ್ರದಿಂದ ಬರಬೇಕು, ಮೋಸದ ಕಟಿಂಗಿನಿಂದ ಬರಬಾರದು.

ಕಟಿಂಗಿನಾಗ ಎರಡು ಜಾತಿ. ಒಂದು ರಿಬ್ಬನ್ ಕಟ್, ಸಾಲು ಸಾಲಾಗಿ, ಪ್ರತಿ ಮೂಲಿಯಾಗ ನಾಕು ತುಂಡು ಕೂಡ್ತಾವ. ಯುರೋಪಿನ ಬಹಳಷ್ಟು ಕಂಪನಿಗಳದು ಹಿಂಗ. ಇನ್ನೊಂದು ರ‍್ಯಾಂಡಮ್ ಕಟ್, ತುಂಡಿಗೊಂದು ವಿಚಿತ್ರ ಆಕಾರ, ಸಾಲು ಅನ್ನೂದ ಇಲ್ಲ. ಕೆನಡಾದ ಕಾಬಲ್ ಹಿಲ್, ಅಮೆರಿಕಾದ ಸ್ಪ್ರಿಂಗ್‌ಬಾಕ್ ಇದಕ್ಕ ಹೆಸರುವಾಸಿ. ನನ್ನ ಮನಸ್ಸು ರ‍್ಯಾಂಡಮ್ ಕಡೆ. ತುಂಡಿನ ಆಕಾರ ನೋಡಿ ಜಾಗಾ ಹುಡುಕೂದ್ರಾಗ ಬ್ಯಾರೆ ಸುಖ ಐತಿ. ಆದ್ರ ಮೊದಲನೇ ಸಲ ದೊಡ್ಡ ಪಝಲ್ ಹಿಡಿಯೋರಿಗೆ ರಿಬ್ಬನ್ ಕಟ್ ಅಂತನ ಹೇಳ್ತೀನಿ.

ಈಗ ಎಲ್ಲಾಕಿಂತ ಹೆಚ್ಚು ಜನ ಮೋಸ ಹೋಗೂ ಜಾಗಾಕ್ಕ ಬರ್ತೀನಿ. ಆನ್‌ಲೈನ್ ಒಳಗ "1000 ಪೀಸ್" ಅಂತ ಎರಡು ಮೂರು ನೂರು ರೂಪಾಯಿಗೆ ಕಾಣ್ತಾವಲ್ಲ, ಅವುಗಳ ಅಳತಿ ನೋಡ್ರಿ. ಸಾಮಾನ್ಯ 1000 ಪೀಸಿನ ಪಝಲ್ ಮುಗಿದ ಮ್ಯಾಲ 70 ಸೆಂಟಿಮೀಟರ್ ಉದ್ದ, 50 ಅಗಲ ಇರ್ತೈತಿ. ಅಂದ್ರ 3500 ಚದರ ಸೆಂಟಿಮೀಟರ್, ತುಂಡಿಗೆ ಮೂರೂವರಿ. ಆ ಅಗ್ಗದ್ದು ಬರೇ 42 ಉದ್ದ, 30 ಅಗಲ. 1260ನ್ನ ಸಾವಿರಕ್ಕ ಭಾಗಿಸಿದ್ರ ತುಂಡಿಗೆ ಒಂದೂಕಾಲು ಚದರ ಸೆಂಟಿಮೀಟರ್. ಕಿರುಬೆರಳಿನ ಉಗುರಿನಷ್ಟ. ಬೇಕಂತಲೇ ಮಿನಿ ತಗೊಳ್ಳೋರು ಇರ್ತಾರ, ಅವರಿಗೆ ಅದು ಸರಿ. ಆದ್ರ ಹಿರಿಯರಿಗೆ ಕಾಣಿಕಿ ಕೊಡಾಕ ಅಂತ ತಗೊಂಡು, ಅವರು ಕಣ್ಣು ಕಿರಿದು ಮಾಡ್ಕೊಂಡು ಒದ್ದಾಡೂದು ನೋಡಾಕ ಆಗೂದಿಲ್ರೀ. ಡಬ್ಬಿ ಮ್ಯಾಲ ಪೀಸಿನ ಸಂಖ್ಯೆಕಿಂತ ಮೊದಲ ಅಳತಿ ಓದ್ರಿ. ಅಳತಿನ ಬರೆದಿಲ್ಲ ಅಂದ್ರ ಬಿಟ್ಟುಬಿಡ್ರಿ.

ಅಂದಹಾಗ, 1000 ಅಂತ ಬರೆದ ಎಷ್ಟೋ ಡಬ್ಬ್ಯಾಗ ನಿಜವಾಗಿ 1026 ತುಂಡು ಇರ್ತಾವ. ಉದ್ದಕ್ಕ 38, ಅಗಲಕ್ಕ 27. ಪ್ರತಿ ತುಂಡಿಗೆ ಚೌಕದ ಹತ್ತಿರದ ಆಕಾರ ಬರಲಿ ಅಂತ ಹಂಗ ಕತ್ತರಸ್ತಾರ. ಇದರಿಂದ ಒಂದು ಉಪಯೋಗ ಐತಿ: ಹಂಥಾ ಪಝಲಿಗೆ ಅಂಚಿನ ತುಂಡು 126 ಬರಬೇಕು. ಅಂಚು ಆರಿಸಿದ ಮ್ಯಾಲ ಎಣಿಸಿದ್ರ, ಏನರ ಕಳೆದಾವೇನು ಅಂತ ಶುರುವಿಗೇ ಸುಳಿವು ಸಿಗ್ತೈತಿ.

ಮಾರಾವರ ಫೋಟೋ ನಂಬಿ ತಗೊಬ್ಯಾಡ್ರಿ. ಕೊಂಡವರು ಹಾಕಿದ ಫೋಟೋ ಹುಡುಕ್ರಿ, ಅದರಾಗೂ ಮುಗಿದ ಪಝಲನ್ನ ಹತ್ತಿರದಿಂದ ತೆಗೆದದ್ದು. ಸಂದಿ ಎಷ್ಟೈತಿ, ಚಿತ್ರ ಮಸುಕಾಗೇತೇನು, ಅಲ್ಲೇ ಗೊತ್ತಾಗ್ತೈತಿ. ಡಬ್ಬಿ ಮ್ಯಾಲ ಚಿತ್ರ ಬಿಡಿಸಿದ ಕಲಾವಿದರ ಹೆಸರು ಐತೇನು ಅಂತಾನೂ ನೋಡ್ರಿ. ಹೆಸರು ಹಾಕಿದ ಕಂಪನಿ ಹೆಚ್ಚಾಗಿ ಅವರಿಗೆ ರೊಕ್ಕ ಕೊಟ್ಟು, ಮೂಲ ಚಿತ್ರದಿಂದ ಅಚ್ಚು ಹಾಕಿರ್ತೈತಿ. ಯಾರದೋ ಚಿತ್ರ ಕದ್ದು ಮಾಡಿದ್ದು ಹೆಚ್ಚಾಗಿ ಮಸುಕ ಇರ್ತೈತಿ, ಮತ್ತ ಅದು ಅನ್ಯಾಯ. ನಮ್ಮ ಕಡೆ ಆಟಿಕಿ ಅಂಗಡ್ಯಾಗ ನಮ್ಮ ದೇಶದ ಫ್ರಾಂಕ್ ಪಝಲ್ ಸುಲಭ ಸಿಗ್ತಾವ, ಹೊರಗಿನವು ಹೆಚ್ಚಾಗಿ ಆನ್‌ಲೈನ್.

ಹೊಳಪಿನ ವಿಷಯ ಚಿಕ್ಕದು, ಆದ್ರ ಕಣ್ಣಿಗೆ ಸಂಬಂಧ ಪಟ್ಟದ್ದು. ಟ್ಯೂಬ್‌ಲೈಟ್ ಕೆಳಗ ನುಣುಪು ಕಾಗದ ಬೆಳಕು ಹೊಡೀತೈತಿ. ಲಿನನ್ ಫಿನಿಶ್ ಅಂತ ಬರ್ತಾವ, ಮ್ಯಾಲ ಅರಿವಿಯಂಥ ಸಣ್ಣ ನೇಯ್ಗಿ. ರಾತ್ರಿ ಜೋಡಸೋರು ಅದನ್ನ ತಗೋರಿ.

ಚಿತ್ರದ ಮಾತಿಗೆ ಬರೂಣು. ಇವರು ನಮ್ಮ ಅವ್ವ. ಅವ್ವಾಂದು ಕಸೂತಿ ಕೈ, ಇಳಕಲ್ ಸೀರಿ ಮ್ಯಾಲ ಗವಂತಿ, ಮುರ್ಗಿ ಅನ್ನೂ ಹೊಲಿಗಿ ಎಲ್ಲಾ ಎಳಿ ಎಣಿಸಿ ಹಾಕ್ತಾರ. ಪಝಲ್ ಡಬ್ಬಿ ತೆಗೆದ ಕೂಡಲೇ ಎಲ್ಲಾರೂ ಅಂಚು ಹುಡುಕಾಕ ಹತ್ತಿದ್ರ, ಅವ್ವ ತಾಟಿನಾಗ ಬಣ್ಣ ಬ್ಯಾರೆ ಬ್ಯಾರೆ ಮಾಡ್ತಾರ. ನಮಗ ಒಂದ ಕೆಂಪು ಅನಿಸಿದ್ದನ್ನ ಅವರು ಮೂರು ತಾಟು ಮಾಡಿರ್ತಾರ. ಅವರಿಂದ ನಾನು ಕಲಿತದ್ದು: ಚಿತ್ರ ಚಂದ ಐತೇನು ಅಂತ ಕೇಳಬ್ಯಾಡ್ರಿ, ಚಿತ್ರದಾಗ ಎಷ್ಟು ಭಾಗ ಐತಿ ಅಂತ ಕೇಳ್ರಿ. ಪ್ಯಾಟಿ ಚಿತ್ರ, ಅಂಗಡಿ ಫಲಕದ ಅಕ್ಷರ, ಹೂವಿನ ಗುಂಪು, ಕುಂಚದ ಎಳತ ಕಾಣೂ ಪೇಂಟಿಂಗ್, ಇವು ಮೊದಲಿನಿಂದ ಕೊನಿ ತನಕ ಕೈ ಹಿಡೀತಾವ. ಅರ್ಧ ನೀಲಿ ಆಕಾಶ ಇರೂ ಫೋಟೋ ಗ್ವಾಡಿಗೆ ಚಂದ, ಜೋಡಸಾಕ ಕೊನೀ ವಾರ ಬ್ಯಾಸರ.

ತಮ್ಮ ಸ್ವಂತ ಫೋಟೋ ಕೊಟ್ಟು ಪಝಲ್ ಮಾಡಸೋರು ಈಗ ಭಾಳ. ಲಕ್ಕುಂಡಿ ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಫೋಟೋ ಮಾಡಸೂಣು ಅಂತ ನನಗೂ ಆಸೆ ಐತಿ. ಆ ಕೆತ್ತನಿಯ ಸೂಕ್ಷ್ಮ ಒಂದೊಂದು ತುಂಡಿನಾಗೂ ಕಾಣ್ತೈತಿ. ಆದ್ರ ಕಲ್ಲೆಲ್ಲಾ ಒಂದ ಬಣ್ಣ, ಅವ್ವನ ತಾಟಿಗೆ ಅಲ್ಲಿ ಕೆಲಸ ಇಲ್ಲ, ನೆರಳು ಮತ್ತ ಆಕಾರ ನೋಡ್ಕೊಂತ ಹೋಗಬೇಕು. ಅಂಥಾದ್ದನ್ನ 500ರಾಗ ಮಾಡಸ್ರಿ, ಬೆಳಿಗ್ಗಿ ಓರೆ ಬಿಸಿಲಿನಾಗ ತೆಗೆದ ಫೋಟೋ ಕೊಡ್ರಿ.

500 ಅಂದ್ರ ಮಕ್ಕಳದು ಅಂತ ತಿಳಿಬ್ಯಾಡ್ರಿ ಮತ್ತ. ಸ್ಪೇನಿನ ವಯ್ಯಾದೊಲಿದ್ ಊರಾಗ 2019ರಿಂದ ವಿಶ್ವ ಜಿಗ್‌ಸಾ ಪಝಲ್ ಚಾಂಪಿಯನ್‌ಶಿಪ್ ನಡೀತೈತಿ, ಅಲ್ಲಿ ಒಬ್ಬೊಬ್ಬರೇ ಆಡೂ ಸ್ಪರ್ಧೆ 500 ಪೀಸಿಂದು. ಗೆಲ್ಲೋರು ಒಂದು ತಾಸಿನೊಳಗ ಮುಗಸ್ತಾರ. ನಮಗ ಆ ಅವಸರ ಬ್ಯಾಡ.

ಜಾಗಾ ಇಲ್ಲ ಅನ್ನೋರಿಗೆ ನಮ್ಮನಿ ಉಪಾಯ: ಕೇರಂ ಬೋರ್ಡ್. ದೊಡ್ಡ ಬೋರ್ಡಿನ ಒಳಗಿನ ಅಳತಿ ಸುಮಾರು 74 ಸೆಂಟಿಮೀಟರ್, 70ಕ್ಕ 50ರ ಪಝಲ್ ಸರಿಯಾಗಿ ಕೂಡ್ತೈತಿ, ಸುತ್ತಲಿನ ಕಟ್ಟಿಗಿ ಇರೂದ್ರಿಂದ ತುಂಡು ಕೆಳಗ ಬೀಳೂದಿಲ್ಲ. ಪೌಡರ್ ಒರಿಸಿ, ಮ್ಯಾಲ ಒಂದು ದಪ್ಪ ಅರಿವಿ ಹಾಸ್ರಿ. ಊಟದ ಹೊತ್ತಿಗೆ ಮಂಚದ ಕೆಳಗ ಸರಿಸಿಬಿಡ್ರಿ. 1500ಕ್ಕ ಇದು ಸಾಲೂದಿಲ್ಲ, ಅದು 80ಕ್ಕ 60.

ಕಟ್ಟಿಗಿ ಪಝಲ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಈ ಆಟ ಹುಟ್ಟಿದ್ದೇ ಕಟ್ಟಿಗಿಯಾಗ. 1760ರ ದಶಕದಾಗ ಲಂಡನ್ನಿನ ನಕಾಶೆ ಕೆತ್ತೂ ಜಾನ್ ಸ್ಪಿಲ್ಸ್‌ಬರಿ ಅನ್ನೋರು ನಕಾಶೆಯನ್ನ ತೆಳ್ಳನ ಹಲಗಿಗೆ ಅಂಟಿಸಿ ದೇಶದ ಗಡಿಗುಂಟ ಕೊಯ್ದು ಮಕ್ಕಳಿಗೆ ಭೂಗೋಳ ಕಲಸಾಕ ಮಾರಿದ್ರು. ಈಗಿನವು ಹೆಚ್ಚಾಗಿ ಪ್ಲೈವುಡ್ ಮ್ಯಾಲ ಲೇಸರಿನಿಂದ ಕತ್ತರಿಸಿದ್ದು, ಅಂಚು ಕಪ್ಪಗ, ಡಬ್ಬಿ ತೆಗೆದ್ರ ಸುಟ್ಟ ಕಟ್ಟಿಗಿ ವಾಸನಿ. ಹಕ್ಕಿ, ಮನಷ್ಯಾ, ಎಲಿ ಹಿಂಗ ಚಿತ್ರಕ್ಕ ಹೊಂದೂ ಆಕಾರದ ತುಂಡು ನಡುವ ಬರ್ತಾವ. ಬೆಲಿ ರಟ್ಟಿಗಿಂತ ಭಾಳ ಹೆಚ್ಚು. ಆದ್ರ 250 ತುಂಡಿನ ಕಟ್ಟಿಗೀದು ಕೈಯಾಗ ಕೊಡೂ ಖುಷಿಗೆ ನಾನಂತೂ ಆ ರೊಕ್ಕ ಕೊಡ್ತೀನಿ, ಅದೂ ಮನ್ಯಾಗ ಎಲ್ಲಾರೂ ಸೇರಿ ಮತ್ತ ಮತ್ತ ಜೋಡಸ್ತಾರ ಅಂತಿದ್ರ.

ಮುಗಿಸಿದ ಪಝಲಿಗೆ ಗೋಂದು ಹಚ್ಚಿ ಫ್ರೇಮ್ ಹಾಕಸೋರನ್ನ ನಾನು ತಡಿಯೂದಿಲ್ಲ, ನಾನು ಮಾತ್ರ ಹಾಕಸೂದಿಲ್ಲ. ಬಿಚ್ಚಿಟ್ರ ಇನ್ನೊಬ್ಬರೂ ಜೋಡಸಬಹುದು. 1930ರ ದಶಕದಾಗ ಅಮೆರಿಕಾದಾಗ ಜನರ ಕೈಯಾಗ ರೊಕ್ಕ ಇರಲಿಲ್ಲ, ಅಂಗಡಿ ಮತ್ತ ಗ್ರಂಥಾಲಯಗಳು ಪಝಲ್‌ಗಳನ್ನ ಬಾಡಿಗಿ ಕೊಡ್ತಿದ್ದೂವು. ಹಂಥಾದ್ದು ನಮ್ಮಲ್ಲಿ ಆಗಬೇಕ್ರಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಯಾರ ಮನ್ಯಾಗ ಮುಗಿಸಿಟ್ಟ ಚಲೋ ರಟ್ಟಿನ ಪಝಲ್ ಐತಿ, ತುಂಡು ಎಣಿಸಿ, ಅಳತಿ ಬರೆದು ನನಗ ತಿಳಸ್ರಿ. ನನ್ನ ಕಡೆ ಇರೋ 1000 ಪೀಸಿನ ಹೂವಿನ ಪ್ಯಾಟಿ ಪಝಲ್ ಎಲ್ಲಾ ತುಂಡು ಸಮೇತ ತಯಾರೈತಿ. ಮೊದಲು ಕೇಳಿದವರಿಗೆ ಅದು, ಬದಲಿಗೆ ನಿಮ್ಮದು ನನಗ.