ಗಡಿ ಜಗಳ ಆಮೇಲೆ ಇರಲಿ, ಮೊದಲು ಮಿನರ್ವಾದ ದೀಪ ಉರಿಯಲಿ

ನಮಸ್ಕಾರ. ಇವತ್ತು ನೀರು ಇಳಿದಾಗ ಮೇಲೆದ್ದು, ಉಬ್ಬರ ಬಂದಾಗ ಮುಳುಗಿಹೋಗುವ ಒಂದು ಜಾಗದ ಬಗ್ಗೆ ಹೇಳುತ್ತೇನೆ. ಅಲ್ಲಿ ಒಂದು ಮರ ಇಲ್ಲ, ಕುಡಿಯೋಕೆ ಒಂದು ಹನಿ ಸಿಹಿನೀರಿಲ್ಲ. ಆದರೂ ಅದು ತಮ್ಮದು ಅಂತ ಟೋಂಗಾ ಮತ್ತು ಫಿಜಿ ಅನ್ನುವ ಎರಡು ದ್ವೀಪದೇಶಗಳು ಹಟ ಹಿಡಿದಿವೆ.

ಅದರ ಹೆಸರು ಮಿನರ್ವಾ. ಪೆಸಿಫಿಕ್ ಸಾಗರದಲ್ಲಿ, ಟೋಂಗಾದ ಮುಖ್ಯ ದ್ವೀಪದಿಂದ ನೈರುತ್ಯಕ್ಕೆ 400 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ ಎರಡು ಹವಳದ ದಿಬ್ಬಗಳಿವೆ. ಉತ್ತರದ್ದು ಬಳೆಯ ಹಾಗೆ ದುಂಡಗಿದೆ. ಬಳೆಯೊಳಗೆ ನೀರು ಶಾಂತ, ಆದರೆ ಒಳಗೆ ಹೋಗೋಕೆ ಒಂದೇ ದಾರಿ. ದಕ್ಷಿಣದ್ದು ಎರಡು ಬಳೆ ಒಟ್ಟಿಗೆ ಅಂಟಿಸಿದ ಹಾಗಿದೆ. ನ್ಯೂಜಿಲೆಂಡ್‌ಗೂ ಟೋಂಗಾಕ್ಕೂ ಮಧ್ಯೆ ಓಡಾಡುವ ಹಾಯಿದೋಣಿಯವರು ಉತ್ತರದ ಬಳೆಯೊಳಗೆ ಲಂಗರು ಹಾಕಿ ಸುಧಾರಿಸಿಕೊಳ್ಳುತ್ತಾರೆ. ಸುತ್ತ ಎತ್ತ ನೋಡಿದರೂ ನೆಲವೇ ಇಲ್ಲ!

ಆದರೆ ದಾರಿ ತಪ್ಪಿ ರಾತ್ರಿ ಬಂದವರಿಗೆ ಇದೇ ಜಾಗ ಯಮ. ಹೆಸರು ಬಂದಿದ್ದೂ ಹಾಗೇನೇ. 1829ರಲ್ಲಿ ಮಿನರ್ವಾ ಅನ್ನುವ ತಿಮಿಂಗಿಲ ಬೇಟೆಯ ಹಡಗು ದಕ್ಷಿಣದ ದಿಬ್ಬಕ್ಕೆ ಬಡಿದು ಒಡೆಯಿತು. ಆ ಹಡಗಿನ ಹೆಸರೇ ದಿಬ್ಬಕ್ಕೂ ನಿಂತಿತು.

ನನ್ನನ್ನು ಇವತ್ತಿಗೂ ಕಾಡುವುದು 1962ರ ಕಥೆ. ಆ ವರ್ಷ ಜುಲೈನಲ್ಲಿ ಟೋಂಗಾದಿಂದ ನ್ಯೂಜಿಲೆಂಡ್‌ಗೆ ಹೊರಟ ಟುಆಇಕೈಪೌ ಅನ್ನುವ ಹಾಯಿಹಡಗು ರಾತ್ರಿ ಹೊತ್ತು ದಕ್ಷಿಣದ ದಿಬ್ಬಕ್ಕೆ ಬಡಿಯಿತು. ಹಡಗಿನಲ್ಲಿ 17 ಜನ. ಕ್ಯಾಪ್ಟನ್ ಟೆವಿಟಾ ಫಿಫಿಟಾ. ಅದೃಷ್ಟಕ್ಕೆ ಅಲ್ಲಿ ಮೊದಲೇ ಒಡೆದು ಬಿದ್ದಿದ್ದ ಒಂದು ಜಪಾನಿ ಮೀನುಗಾರಿಕೆ ಹಡಗು ಇತ್ತು. ಪಕ್ಕಕ್ಕೆ ವಾಲಿ ಬಿದ್ದಿದ್ದ ಆ ಹಡಗೇ ಅವರ ಮನೆ ಆಯಿತು. ಮೀನು ಹಿಡಿದು ತಿಂದರು, ಉಪ್ಪುನೀರು ಕಾಯಿಸಿ, ಆವಿ ಹಿಡಿದು, ಹನಿ ಹನಿಯಾಗಿ ಕುಡಿಯೋ ನೀರು ಮಾಡಿಕೊಂಡರು. ಸುಮಾರು ಮೂರು ತಿಂಗಳು ಹೀಗೇ ಕಳೆಯಿತು, ಕೆಲವರು ಅಲ್ಲೇ ಪ್ರಾಣ ಬಿಟ್ಟರು. ಯಾರೂ ಹುಡುಕಿಕೊಂಡು ಬರಲ್ಲ ಅಂತ ಖಾತ್ರಿಯಾದ ಮೇಲೆ, ಸರಿಯಾದ ಉಪಕರಣ ಇಲ್ಲದಿದ್ದರೂ, ಒಡೆದ ಹಡಗಿನ ಹಲಗೆಗಳಿಂದಲೇ ಒಂದು ಪುಟ್ಟ ದೋಣಿ ಕಟ್ಟಿದರು. ಕ್ಯಾಪ್ಟನ್, ಅವರ ಮಗ ಸಟೇಕಿ ಮತ್ತು ಹಡಗಿನ ಬಡಗಿ, ಮೂರೇ ಜನ ಅದರಲ್ಲಿ ಫಿಜಿಗೆ ಹೊರಟರು. ಫಿಜಿಯ ಕಡಾವು ದ್ವೀಪ ಕಣ್ಣಳತೆಗೆ ಬಂದಾಗ ಅಲ್ಲಿನ ದಿಬ್ಬದ ಮೇಲೆ ದೋಣಿ ಮಗುಚಿತು. ಸಟೇಕಿ ಮುಳುಗಿದ. ಅಷ್ಟು ದೂರ ಬಂದು, ದಡ ಎದುರಿಗೇ ಇರುವಾಗ. ಆ ತಂದೆ ದಡ ಸೇರಿ ಸುದ್ದಿ ಮುಟ್ಟಿಸಿದ್ದಕ್ಕೇ ದಿಬ್ಬದ ಮೇಲೆ ಉಳಿದವರು ಬದುಕಿದರು.

ಹತ್ತು ವರ್ಷದ ನಂತರ ಅದೇ ದಿಬ್ಬಕ್ಕೆ ದುಡ್ಡು ಬಂತು. ಅಮೆರಿಕದ ನೆವಾಡಾದ ಉದ್ಯಮಿ ಮೈಕಲ್ ಆಲಿವರ್ ಮತ್ತು ಅವರ ಜೊತೆಯವರು ತೆರಿಗೆಯೇ ಇಲ್ಲದ ಹೊಸ ದೇಶ ಕಟ್ಟುತ್ತೇವೆ ಅಂತ ಹೊರಟು, ದಿಬ್ಬದ ಮೇಲೆ ಮರಳು ಸುರಿಸಿ, 1972ರ ಜನವರಿಯಲ್ಲಿ ಮಿನರ್ವಾ ಗಣರಾಜ್ಯ ಘೋಷಿಸಿದರು. ಬಾವುಟ ಹಾರಿತು. ಆಮೇಲೆ 35 ಡಾಲರಿನ ನಾಣ್ಯವೂ ಬಂತು, ಅದರ ಮೇಲೆ ಮಿನರ್ವಾ ದೇವತೆಯ ಮುಖ. ಆದರೆ 1972ರ ಜೂನ್‌ನಲ್ಲೇ ಟೋಂಗಾದ ದೊರೆ ನಾಲ್ಕನೇ ಟುಪೌ ಜನ ಕಟ್ಟಿಕೊಂಡು ಹೋಗಿ ಆ ಬಾವುಟ ಇಳಿಸಿ, ಇದು ಟೋಂಗಾದ್ದು ಅಂತ ಸಾರಿದರು. ಸುತ್ತಲ ದೇಶಗಳ ಒಕ್ಕೂಟ, ದಕ್ಷಿಣ ಪೆಸಿಫಿಕ್ ವೇದಿಕೆ, ಸೆಪ್ಟೆಂಬರ್‌ನಲ್ಲಿ ಅದನ್ನು ಒಪ್ಪಿತು.

ಫಿಜಿ ಸುಮ್ನೆ ತಕರಾರು ತೆಗೆಯುತ್ತಿದೆ ಅಂತ ನಾನು ಹೇಳಲ್ಲ. ಫಿಜಿಯ ಓನೊ-ಇ-ಲಾವು ದ್ವೀಪದವರು ಅಲ್ಲಿ ಮೀನು ಹಿಡಿಯುತ್ತಿದ್ದರು ಅನ್ನುವುದು ಅವರ ವಾದ. 1887ರಲ್ಲಿ ಟೋಂಗಾ ತಾನೇ ಸಾರಿದ್ದ ಗಡಿಯ ಒಳಗೂ ಈ ದಿಬ್ಬಗಳು ಇರಲಿಲ್ಲ. ಟೋಂಗಾದವರು ಇದು ನಮ್ಮವರೂ ಮೀನು ಹಿಡಿಯುತ್ತಿದ್ದ ಜಾಗ ಅನ್ನುತ್ತಾರೆ. ವಿಶ್ವಸಂಸ್ಥೆಯ 1982ರ ಕಡಲ ಕಾನೂನು ಕೇಳಿದರೆ, ಉಬ್ಬರದಲ್ಲಿ ಮುಳುಗುವ, ದಡದಿಂದ ಇಷ್ಟು ದೂರದ ದಿಬ್ಬಕ್ಕೆ ತನ್ನದೇ ಆದ ಕಡಲು ಸಿಗಲ್ಲ, ಅಂದರೆ ಅದನ್ನು ತೋರಿಸಿ ಸುತ್ತಲ ನೀರು ನಮ್ಮದು ಅನ್ನೋಕಾಗಲ್ಲ. ಮರಳು ಸುರಿದು ಎತ್ತರಿಸಿದರೂ ಸಿಗಲ್ಲ. ಹಾಗಾದರೆ ಹಗ್ಗಜಗ್ಗಾಟ ಯಾಕೆ? ಸುತ್ತಲಿನ ಮೀನು, ತಳದ ಖನಿಜ. 2005ರಲ್ಲಿ ಫಿಜಿ, ದೇಶಗಳ ಗಡಿಯಾಚೆಯ ಕಡಲತಳದ ಖನಿಜ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದವರೆಗೂ ದೂರು ಒಯ್ದಿತ್ತು, ಅಂದರೆ ನೀರಿನಡಿ ಏನಿದೆ ಅನ್ನುವುದೇ ನಿಜವಾದ ಜಗಳ ಅಲ್ವಾ?

ನನಗೆ ಸಿಟ್ಟು ಬರೋದು 2011ರ ವಿಷಯಕ್ಕೆ. ಹಡಗುಗಳಿಗೆ ದಾರಿ ತೋರಿಸಲು ಟೋಂಗಾ ದಿಬ್ಬದ ಮೇಲೆ ನಿಲ್ಲಿಸಿದ್ದ ದೀಪಗಳನ್ನು ಫಿಜಿಯ ನೌಕಾಪಡೆ ಒಡೆದುಹಾಕಿತು ಅಂತ ವರದಿಯಾಯಿತು. ಟೋಂಗಾ ತನ್ನ ಗಸ್ತು ಹಡಗು ಕಳಿಸಿತು. ಎರಡೂ ಕಡೆ ಬಾವುಟದ ಮಾತು ಜೋರಾಯಿತು. 17 ಜನ ಕತ್ತಲಲ್ಲಿ ಬಂದು ಬಡಿದ ಜಾಗದಲ್ಲಿ ದೀಪ ಒಡೆಯೋದು ಎಂಥ ಕೆಲಸ? ಆ ದೀಪ ನೋಡಿ ತಿರುಗಿಸಿಕೊಳ್ಳುವ ಹಡಗು ಫಿಜಿಯದ್ದೂ ಇರಬಹುದು. 1962ರಲ್ಲಿ ಟೆವಿಟಾ ಫಿಫಿಟಾ ಸಹಾಯ ಕೇಳಿಕೊಂಡು ಹೋಗಿದ್ದು ಫಿಜಿಯ ದಡಕ್ಕೇ.

ಗಡಿ ಗೆರೆ ಎಲ್ಲಿ ಬೀಳಬೇಕು ಅನ್ನೋದನ್ನು ಅವರು ಇನ್ನೂ ಐವತ್ತು ವರ್ಷ ವಾದಿಸಲಿ. ದೀಪದ ಖರ್ಚು ಎರಡೂ ದೇಶ ಅರ್ಧರ್ಧ ಹಾಕಿಕೊಳ್ಳಲಿ, ಬ್ಯಾಟರಿ ಬದಲಿಸೋಕೆ ಒಂದು ವರ್ಷ ಟೋಂಗಾದ ಹಡಗು ಹೋಗಲಿ, ಇನ್ನೊಂದು ವರ್ಷ ಫಿಜಿಯದ್ದು ಹೋಗಲಿ. ದೀಪದ ಕಂಬಕ್ಕೆ ಯಾವ ಬಾವುಟವೂ ಬೇಡ.